ಹನ್ನೊಂದು ದಿನದ ಒಂಬತ್ತು ಗಂಟು

ನಮ್ಮ ಮನೆಯ ಬಾವಿಯಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಸಮುದ್ರ ನಮ್ಮೂರಿನಿಂದ ನಲವತ್ತು ದಿನದ ದಾರಿ, ಅದನ್ನು ಕಣ್ಣಾರೆ ಕಂಡವರು ಊರಿನಲ್ಲಿ ಯಾರೂ ಇಲ್ಲ. ಬಾವಿಯ ನೀರು ಸಿಹಿಯಾಗಿದೆ, ಬೇಳೆ ಚೆನ್ನಾಗಿ ಬೇಯುತ್ತದೆ. ಭರತವಿದ್ದಾಗ ಕಟ್ಟೆಯ ಮೇಲೆ ಕೂತು ಚೊಂಬು ಅದ್ದಿದರೆ ಸಾಕು, ಇಳಿತವಿದ್ದಾಗ ಕೊಡಕ್ಕೆ ಹಗ್ಗ ಕಟ್ಟಬೇಕು. ಹಾಗಾಗಿ ಬಟ್ಟೆ ಒಗೆಯುವುದು, ಪಾತ್ರೆ ತಿಕ್ಕುವುದು, ಅಕ್ಕಿ ತೊಳೆಯುವುದು ಎಲ್ಲವನ್ನೂ ನಾವು ನೀರು ನೋಡಿಕೊಂಡು ಮಾಡುತ್ತೇವೆ. ಮದುವೆಯಾಗಿ ಬಂದ ಹೊಸದರಲ್ಲಿ ಇದು ನನಗೆ ರೂಢಿಯಾಗಲು ಒಂದು ವಾರ ಹಿಡಿಯಿತು, ಅಷ್ಟೇ.

ಊರಿನ ಪ್ರತಿ ಮನೆಗೂ ಇಂಥದ್ದೊಂದು ಇದೆ. ಎದುರು ಮನೆಯ ಗೌರವ್ವನ ತಾರಸಿಯ ಮೇಲೆ ವರ್ಷವಿಡೀ ಹಿಮ ಬೀಳುತ್ತದೆ, ಬೀದಿಯವರೆಲ್ಲ ಬೆಣ್ಣೆಯನ್ನು ಅಲ್ಲೇ ಇಡುತ್ತೇವೆ. ಕುಂಬಾರರ ಮನೆಯ ನೆಲ ದಿನವೂ ನಡುಹಗಲಿಗೆ ನಡುಗುತ್ತದೆ, ಅವರು ಮಡಕೆಗಳನ್ನು ಹುಲ್ಲಿನ ಮೇಲೆ ಜೋಡಿಸುತ್ತಾರೆ. ಹೂ ಕಟ್ಟುವ ಜೈತುನ್ ಬೀಯ ಮನೆಯ ಗವಾಕ್ಷಿಯಲ್ಲಿ ಹಗಲು ಹೊತ್ತಿನಲ್ಲೇ ಒಂದು ನಕ್ಷತ್ರ ಕಾಣುತ್ತದೆ. ನನ್ನ ತವರಿನ ಹಿತ್ತಲಲ್ಲಿ ಒಂದು ಮೊಳದಷ್ಟು ಜಾಗವಿತ್ತು, ಬಿತ್ತದಿದ್ದರೂ ಅಲ್ಲಿ ಸೋರೆ ಹಬ್ಬುತ್ತಿತ್ತು. ನನ್ನನ್ನು ನೋಡಲು ಬಂದಾಗ ಅತ್ತೆ ಮೊದಲು ಕೇಳಿದ್ದು ಗೋತ್ರವನ್ನಲ್ಲ, "ನಿಮ್ಮದು ಯಾವ ಸಂಸ್ಥೆ ಮನೆ?" ಎಂದು.

ಏಕೆಂದರೆ ಪ್ರತಿ ಮನೆಯ ಮೇಲೂ ಖಂಡದ ಯಾವುದಾದರೊಂದು ಸಂಸ್ಥೆಯ ಕಣ್ಣಿದೆ. ಹಿಮ ಸಂಸ್ಥೆ ಉತ್ತರದ ತುದಿಯಲ್ಲಿದೆ, ಹಿಮದ ಹರಳನ್ನು ಒಂದೊಂದಾಗಿ ಎಣಿಸುವುದು ಅವರ ಕೆಲಸ. ನಕ್ಷತ್ರ ಸಂಸ್ಥೆ ಮೋಡವೇ ಕಟ್ಟದ ಮರಳುಗಾಡಿನಲ್ಲಿದೆ. ಭೂಕಂಪ ಸಂಸ್ಥೆಯನ್ನು ಭೂಮಿ ಎಂದೂ ನಡುಗದ ಊರಿನಲ್ಲಿ ಕಟ್ಟಿದ್ದಾರಂತೆ, ನಡುಗಿದರೆ ಕಟ್ಟಡ ಬಿರುಕು ಬಿಡುತ್ತದಲ್ಲ. ಬೀಜ ಸಂಸ್ಥೆ ಪೂರ್ವದ ನದೀಮುಖದಲ್ಲಿ ಲೋಕದ ಬೀಜಗಳನ್ನೆಲ್ಲ ಮಂಜುಗಡ್ಡೆಯಲ್ಲಿ ಹೂತಿಟ್ಟು ಕಾಯುತ್ತದೆ. ಚಂದ್ರ ಸಂಸ್ಥೆ ದಕ್ಷಿಣದ ದ್ವೀಪದಲ್ಲಿದೆ, ನಿದ್ರೆಯ ಸಂಸ್ಥೆ ಗಲಾಟೆಯ ಬಂದರಿನಲ್ಲಿ. ನಮ್ಮನ್ನು ನೋಡಿಕೊಳ್ಳುವ ಸಮುದ್ರ ಸಂಸ್ಥೆ ಮಾತ್ರ ಒಂದು ಎತ್ತರದ ಗುಡ್ಡದ ಮೇಲೆ ಕೂತಿದೆ. ಉಪ್ಪುಗಾಳಿ ಬಡಿದರೆ ಉಪಕರಣಗಳಿಗೆ ತುಕ್ಕು ಹಿಡಿಯುತ್ತದೆ ಎಂಬುದು ಅವರು ಕೊಡುವ ಕಾರಣ. ನಮ್ಮೂರ ಹೆಣ್ಣುಮಕ್ಕಳು ಕುಂಟೆಬಿಲ್ಲೆ ಆಡುವಾಗ ಒಂದೊಂದು ಮನೆ ದಾಟುತ್ತ ಈ ಸಂಸ್ಥೆಗಳ ಹೆಸರನ್ನೇ ಹೇಳುತ್ತಾರೆ. ಗೆರೆ ತುಳಿದವರು ನಿದ್ರೆಯ ಸಂಸ್ಥೆಗೆ ಹೋಗಬೇಕು.

ಅಳೆಯುವವರು ನಾವು, ಮನೆಯ ಹೆಂಗಸರು. ಸಂಸ್ಥೆಯಿಂದ ಕಂತೆಗಟ್ಟಲೆ ಕಾರ್ಡು ಬರುತ್ತದೆ, ದಿನಕ್ಕೆ ಒಂದರಂತೆ ಬರೆದು ಅಂಚೆಗೆ ಹಾಕಬೇಕು. ಗೌರವ್ವ ಹಿಮವನ್ನು ಪಾವಿನಲ್ಲಿ ಅಳೆಯುತ್ತಾಳೆ. ಜೈತುನ್ ಬೀ ಹೂವಿನ ದಾರ ಹಿಡಿದು ಗವಾಕ್ಷಿಯ ಅಂಚಿನಿಂದ ನಕ್ಷತ್ರ ಎಷ್ಟು ಸರಿದಿದೆ ಎಂದು ನೋಡುತ್ತಾಳೆ. ನಮ್ಮದು ಗೇಣಿಗೊಂದು ಗಂಟು ಹಾಕಿದ ಸೆಣಬಿನ ಹಗ್ಗ. ರಾಟೆಯ ಮರದಲ್ಲಿ ಒಂದು ಕಚ್ಚು ಇದೆ, ಹಗ್ಗದ ತಲೆಯನ್ನು ಅಲ್ಲಿಗೆ ಸಿಕ್ಕಿಸಿ ಇಳಿಬಿಟ್ಟು, ಮೇಲೆಳೆದು, ಒದ್ದೆಯಾದ ಗಂಟುಗಳನ್ನು ಎಣಿಸಬೇಕು. ಬೆಳಿಗ್ಗೆ ಒಲೆ ಹಚ್ಚುವ ಮುಂಚೆ ಒಮ್ಮೆ, ಮಧ್ಯಾಹ್ನ ಊಟದ ಎಲೆ ಎತ್ತಿದ ಮೇಲೆ ಒಮ್ಮೆ. ಆ ಹಗ್ಗವೆಂದರೆ ಮನೆಯ ಮರ್ಯಾದೆ, ಅದನ್ನು ಕಂಡಕಂಡಲ್ಲಿ ಇಡುವಂತಿಲ್ಲ. ದೇವರ ಗೂಡಿನ ಪಕ್ಕದ ಮೊಳೆಗೆ ನೇತುಹಾಕುತ್ತಿದ್ದೆವು, ಸ್ನಾನ ಮಾಡದೆ ಮುಟ್ಟುತ್ತಿರಲಿಲ್ಲ. ಅತ್ತೆ ಪುಟ್ಟನಂಜಮ್ಮನವರು ಇಪ್ಪತ್ತೈದು ವರ್ಷ ಅಳೆದರು. ಆಮೇಲೆ ಹಗ್ಗ ನನ್ನ ಕೈಗೆ ಬಂತು, ನನ್ನ ಸೊಂಟದ ಮೇಲಿದ್ದ ಮಗಳು ಮಂದಾರಳ ಕೈಗೂ ಬಂತು ಅನ್ನಿ. ಎರಡು ವರ್ಷದ ಕೂಸು ಗಂಟು ಎಣಿಸಿಯೇ ಎಣಿಕೆ ಕಲಿತದ್ದು.

ಮಂದಾರಳಿಗೆ ಏಳೆಂಟು ವರ್ಷವಾಗುವ ಹೊತ್ತಿಗೆ ಅವಳು ಹಗ್ಗ ಇಳಿಸುವ ಮುಂಚೆಯೇ ಇಂದು ಎಷ್ಟು ಗಂಟು ಎಂದು ಹೇಳುತ್ತಿದ್ದಳು. "ಭರತ ದಿನಕ್ಕೆ ಎರಡು ಗಳಿಗೆ ತಡ ಮಾಡ್ಕೊಂಡು ಬರುತ್ತಮ್ಮ, ನೀನು ನೋಡಿಲ್ವಾ?" ಎಂದಳು. ನಾನು ನೋಡಿದ್ದೆ. ಆದರೆ ನನಗದು ಬಟ್ಟೆ ಒಗೆಯುವ ಹೊತ್ತಿನ ಲೆಕ್ಕವಾಗಿತ್ತು, ಅವಳಿಗೆ ಬೇರೆಯದೇ ಆಗಿತ್ತು. ಅವಳಪ್ಪ ಬಟ್ಟೆ ಹೊಲಿಯುವವರು. ಅವರು ಅಳತೆ ಬರೆದುಕೊಳ್ಳುವ ಹಳೆಯ ಪುಸ್ತಕಗಳ ಹಿಂಬದಿಯಲ್ಲಿ ಅವಳು ಭರತದ ಗೆರೆ ಎಳೆದು ಎಳೆದು ಇಟ್ಟಿದ್ದಳು, ಸೊಂಟದ ಸುತ್ತಳತೆ ಒಂದು ಕಡೆ, ಸಮುದ್ರ ಒಂದು ಕಡೆ.

ಅವಳಿಗೆ ಹದಿನೇಳು ತುಂಬಿದ ವರ್ಷ ಸಮುದ್ರ ಸಂಸ್ಥೆಯವರು ತರಬೇತಿಗೆ ಇಬ್ಬರು ಬೇಕೆಂದು ಕರೆದರು. ನಮ್ಮ ಶಾಲೆಯಲ್ಲೇ ಪರೀಕ್ಷೆ ನಡೆಯಿತು. ಖಂಡಕ್ಕೆಲ್ಲ ಮೊದಲನೆಯವಳಾಗಿ ಮಂದಾರ ಬಂದಳೆಂದು ಮೇಷ್ಟ್ರೇ ಓಡಿ ಬಂದು ಹೇಳಿದರು. ನಾನು ಕೊಬ್ಬರಿ ಮಿಠಾಯಿ ಮಾಡಿದೆ. ಅವಳಪ್ಪ ಅವಳಿಗೆ ಎರಡು ಜೊತೆ ಉಣ್ಣೆಯ ರವಿಕೆ ಹೊಲಿದರು, ಗುಡ್ಡದ ಮೇಲೆ ಚಳಿಯಂತೆ. ಮಂದಾರ ಟ್ರಂಕು ತೊಳೆದು, ಒರೆಸಿ, ಒಳಗೆ ಹಳೆಯ ಕಾಗದ ಹಾಸಿ ಇಟ್ಟಳು.

ಮೂರು ವಾರದ ಮೇಲೆ ಒಂದು ಕಾಗದ ಬಂತು. ಒಂದೇ ಸಾಲು. ಅಧ್ಯಯನಕ್ಕೆ ಒಳಪಟ್ಟ ಮನೆಯವರು ಅಧ್ಯಯನದ ವಸ್ತುವಿನ ಭಾಗವಾಗಿರುವುದರಿಂದ ಅವರನ್ನು ಅಧ್ಯಯನ ಮಾಡುವವರನ್ನಾಗಿ ಪರಿಗಣಿಸಲು ಬರುವುದಿಲ್ಲ.

ನಾನು ಅದನ್ನು ನಾಲ್ಕು ಸಲ ಓದಿದೆ. ಒಲೆಯ ಮೇಲಿದ್ದ ಹಾಲು ಉಕ್ಕಿ ಬೂದಿ ಕಲಸಿಹೋಯಿತು. ನನಗೆ ಸಿಟ್ಟು ಬರುವುದು ಕಡಿಮೆ. ಮಗು ಅತ್ತರೆ, ಹೊಲಿಗೆಯ ಗಿರಾಕಿ ರೇಗಿದರೆ, ಅತ್ತೆ ಸಾರಿಗೆ ಉಪ್ಪು ಸಾಲದೆಂದು ಮೂರು ಸಲ ಹೇಳಿದರೆ ನಾನು ಸುಮ್ಮನಿರಬಲ್ಲೆ. ಆದರೆ ಅಂದು ನನ್ನ ಕಿವಿ ಬಿಸಿಯಾಯಿತು. ನಲವತ್ತು ವರ್ಷ ಈ ಮನೆಯ ಹೆಂಗಸರು ಅಳೆದದ್ದು ಬೇಕು. ಜ್ವರವಿದ್ದಾಗ ಕಂಬಳಿ ಹೊದ್ದು ಅಳೆದದ್ದು ಬೇಕು, ಬಸುರಿ ಹೊಟ್ಟೆ ಬಾವಿಕಟ್ಟೆಗೆ ಒತ್ತಿಕೊಂಡು ಬಗ್ಗಿ ಅಳೆದದ್ದು ಬೇಕು. ಆಗ ನಾವು ವಸ್ತುವಾಗಿರಲಿಲ್ಲ. ಹುಡುಗಿ ಕುರ್ಚಿಯ ಮೇಲೆ ಕೂರುತ್ತೇನೆ ಅಂದ ಕೂಡಲೇ ವಸ್ತುವಾಗಿಬಿಟ್ಟೆವು. ಬಾವಿ, ರಾಟೆ, ಕೊಡ, ಮಂದಾರ.

ಮಗಳು ಅಳಲಿಲ್ಲ. ಟ್ರಂಕನ್ನು ಮಂಚದ ಕೆಳಗೆ ತಳ್ಳಿದಳು, ಹಗ್ಗ ತೆಗೆದುಕೊಂಡು ಮಧ್ಯಾಹ್ನದ ಅಳತೆಗೆ ಹೋದಳು.

ಸಂಸ್ಥೆಗೆ ಕಾಗದ ಬರೆಯಬಹುದಿತ್ತು. ಆದರೆ ಊರಿನಿಂದ ಹೋದ ಯಾವ ಕಾಗದಕ್ಕೂ ಉತ್ತರ ಬಂದದ್ದಿಲ್ಲ, ಅವರು ತಪ್ಪದೆ ತರಿಸಿಕೊಳ್ಳುವುದು ಕಾರ್ಡು ಮಾತ್ರ. ಹಾಗಾಗಿ ನಾನು ಕಾರ್ಡಿನ ಮೇಲೆಯೇ ಬರೆದೆ. ಮೇಲೆ ಅಂಕಿ, ಕೆಳಗೆ ಒಂದು ಸಾಲು. "ನನ್ನ ಮಗಳು ಮೊದಲನೆಯವಳಾಗಿ ಬಂದಿದ್ದಾಳೆ." ಮರುದಿನ, "ಅವಳು ವಸ್ತುವಲ್ಲ." ಅದರ ಮರುದಿನ, "ನಿಮ್ಮ ಮನೆಯಲ್ಲಿ ಹೆಣ್ಣುಮಕ್ಕಳಿಲ್ಲವೇ?" ಹೀಗೆ ಸೊಪ್ಪು ಬಿಡಿಸುವ ನಡುವೆ, ಹಿಟ್ಟು ನಾದುವ ನಡುವೆ, ಒಂದು ತಿಂಗಳು ಬರೆದೆ. ಕೆಲವು ಕಾರ್ಡಿಗೆ ಜೋಳದ ಹಿಟ್ಟು ಮೆತ್ತಿಕೊಂಡೇ ಹೋಯಿತು.

ತಿಂಗಳು ಕಳೆದ ಮೇಲೆ ಒಂದು ಬೆಳಿಗ್ಗೆ ಮನೆಯ ಮುಂದೆ ಜಟಕಾ ನಿಂತಿತು. ಇಳಿದವರು ಸಮುದ್ರ ಸಂಸ್ಥೆಯ ಅಧಿಕಾರಿ, ಶೇಷಗಿರಿ ಎಂದು ಹೆಸರು. ಕಂಕುಳಲ್ಲಿ ನೀಲಿ ಬಟ್ಟೆಯ ರಟ್ಟಿನ ದಪ್ಪ ಪುಸ್ತಕವಿತ್ತು. ನನ್ನ ಸಾಲುಗಳು ಮುಟ್ಟಿದವು ಎಂದುಕೊಂಡೆ. ಅವಲಕ್ಕಿ, ಕಾಫಿ ತಂದಿಟ್ಟು, "ನಾನು ಬರೆದದ್ದು ಓದಿದ್ರಾ?" ಎಂದು ಕೇಳಿದೆ.

"ಯಾವುದಮ್ಮ?" ಎಂದರು.

"ಕಾರ್ಡಿನ ಕೆಳಗೆ. ದಿನಾ ಒಂದು ಸಾಲು."

"ಓ, ಅದಾ. ಕೆಳಗಡೆ ಬರೆದಿದ್ದು ನಮಗೆ ಬರೋದಿಲ್ಲಮ್ಮ. ಅಂಚೆ ಕೋಣೇಲೇ ಕತ್ತರಿ ಹಾಕಿ ಅಂಕಿ ಮಾತ್ರ ತಗೋತಾರೆ. ಮಿಕ್ಕಿದ್ದು ಒಲೆಗೆ. ಗುಡ್ಡದ ಮೇಲೆ ವಿಪರೀತ ಚಳಿ ನೋಡಿ." ಅವರು ಅದನ್ನು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಅವಲಕ್ಕಿ ಚೆನ್ನಾಗಿದೆ ಎಂದು ಹೇಳುವ ದನಿಯಲ್ಲೇ ಹೇಳಿದರು. ನನ್ನ ಮೂವತ್ತು ಸಾಲಿನಿಂದ ಯಾರೋ ಕೈ ಕಾಯಿಸಿಕೊಂಡಿದ್ದರು.

ಆಮೇಲೆ ಅವರು ಪುಸ್ತಕ ಬಿಚ್ಚಿದರು. ಒಂದು ಕಡೆ ನಿರ್ದೇಶಕರ ಭಾವಚಿತ್ರ, ಇನ್ನೊಂದು ಕಡೆ ಒಂದು ಗೆರೆ. ಗೆರೆ ಏರಿ ಇಳಿದು, ಏರಿ ಇಳಿದು ಬಂದು, ನಡುವೆ ಒಂದು ಕಡೆ ನೆಟ್ಟಗೆ ಮಲಗಿತ್ತು. ಹನ್ನೊಂದು ದಿನ. ಮತ್ತೆ ಎದ್ದು ಏರಿ ಇಳಿದಿತ್ತು.

"ಇದು ನಿಮ್ಮ ಬಾವಿ," ಎಂದರು ಶೇಷಗಿರಿ. ಅವರ ದನಿಯಲ್ಲಿ ಭಕ್ತಿ ಇತ್ತು. "ನಿಶ್ಚಲತಾ ಸಿದ್ಧಾಂತ ಅಂತ. ಹದಿನೇಳು ವರ್ಷದ ಹಿಂದೆ ಹನ್ನೊಂದು ದಿನ ಸಮುದ್ರ ಉಸಿರು ಹಿಡಿದು ನಿಂತಿತ್ತು. ಬೆಳಿಗ್ಗೆ ಒಂಬತ್ತು ಗಂಟು, ಮಧ್ಯಾಹ್ನ ಒಂಬತ್ತು ಗಂಟು. ಮಿಸುಕಾಡಿಲ್ಲ! ನಮ್ಮ ನಿರ್ದೇಶಕರು ಇಡೀ ಆಯಸ್ಸು ಇದಕ್ಕೆ ಕೊಟ್ಟಿದಾರೆ. ಈ ವರ್ಷ ಖಂಡದ ದೊಡ್ಡ ಪ್ರಶಸ್ತಿ ಅವರಿಗೇ. ಆದರೆ ಈ ಚಂದ್ರ ಸಂಸ್ಥೆಯವರಿದ್ದಾರಲ್ಲ, ಹೊಟ್ಟೆಕಿಚ್ಚು. ಅಳತೆ ನಿಜವಾಗಿ ನಡೀತಾ ಅಂತ ತಕರಾರು ತೆಗೆದಿದಾರೆ. ಹಗ್ಗ ಹಿಡಿಯೋ ಮನೆಯೊಡತಿ ಒಂದು ಸಹಿ ಹಾಕಿದರೆ ಅವರ ಬಾಯಿ ಮುಚ್ಚುತ್ತೆ. ಈ ತಾರೀಖು ನಿಮಗೆ ನೆನಪಿದೆಯಾ ಅಮ್ಮಾ?"

ನಾನು ಗೆರೆ ಮಲಗಿದ ಕಡೆ ಬರೆದಿದ್ದ ತಾರೀಖು ನೋಡಿದೆ. "ನೆನಪಿಲ್ಲದೆ ಏನು ಸ್ವಾಮಿ? ನನ್ನ ಮಗಳು ಹುಟ್ಟಿದ ದಿನ."

"ಆಹಾ! ಎಂಥಾ ಯೋಗಾಯೋಗ!" ಎಂದು ಅವರು ಜೇಬಿನಿಂದ ಪುಟ್ಟ ಪುಸ್ತಕ ತೆಗೆದು ಬರೆದುಕೊಳ್ಳತೊಡಗಿದರು.

"ಯೋಗಾನೂ ಇಲ್ಲ ಗೀಗಾನೂ ಇಲ್ಲ," ಒಳಗಿನಿಂದ ಅತ್ತೆಯ ದನಿ ಬಂತು. ಕಂಬ ಹಿಡಿದುಕೊಂಡು ನಿಧಾನವಾಗಿ ಹೊಸ್ತಿಲು ದಾಟಿದರು. ಅವರಿಗೆ ಕಣ್ಣು ಮಂಜು, ಕಿವಿ ಮಾತ್ರ ಚುರುಕು. "ಪುರುಡು ಕಣಯ್ಯಾ. ಮನೇಲಿ ಮಗು ಹುಟ್ಟಿದೆ. ಹನ್ನೊಂದು ದಿನ ದೇವರ ಗೂಡು ಮುಟ್ಟೋ ಹಾಗಿದೆಯಾ? ಹಗ್ಗ ಇರೋದೇ ಅಲ್ಲಿ. ಕಾರ್ಡಿನ ಕೆಳಗೆ ನೀವೇ ಅಚ್ಚು ಹಾಕ್ಸಿದೀರಿ, ಖಾಲಿ ಕಾರ್ಡು ಕಳಿಸಬಾರದು ಅಂತ. ಇನ್ನೇನು ಮಾಡ್ಲಿ? ಹಿಂದಿನ ದಿನ ಒಂಬತ್ತು ಗಂಟಿತ್ತು. ಅದನ್ನೇ ಬರೆದೆ. ಬಾಣಂತಿ ಸ್ನಾನಕ್ಕೆ ನೀರು ಕಾಯಿಸೋಳು ನಾನೇ, ಮಗೂಗೆ ಎಣ್ಣೆ ಹಚ್ಚೋಳು ನಾನೇ, ನಡುವೆ ನಿಮ್ಮ ಸಮುದ್ರ ಬೇರೆ!"

ಶೇಷಗಿರಿ ಕಾಫಿ ಲೋಟ ಕೆಳಗಿಟ್ಟರು. "ಅಂದ್ರೆ... ನೀರು ನಿಂತಿರ್ಲಿಲ್ಲವಾ?"

"ಅದ್ಯಾಕೆ ನಿಲ್ಲುತ್ತೆ? ಆ ಹನ್ನೊಂದು ದಿನ ಬಾಣಂತಿ ಬಟ್ಟೆ ಎಲ್ಲ ಭರತ ನೋಡಿಕೊಂಡೇ ಒಗೆದಿದ್ದು ನಾನು."

"ಇದನ್ನ ಇಷ್ಟು ವರ್ಷ ಯಾರಿಗೂ ಹೇಳಿಲ್ವಾ?"

"ಇಷ್ಟು ವರ್ಷ ಯಾರು ಕೇಳಿದ್ರು?" ಎಂದರು ಅತ್ತೆ.

ಮಂದಾರ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಹೆಚ್ಚುತ್ತಿದ್ದ ಸೌತೆಕಾಯಿ ಇತ್ತು. "ನಾನು ಬರೆದಿದ್ದೆನಲ್ಲ ಸಾರ್," ಎಂದಳು. "ಏಳನೇ ಪ್ರಶ್ನೆಗೆ. ತಾರೀಖು ಕೊಟ್ಟು ನಿಶ್ಚಲತೆಯನ್ನು ವಿವರಿಸಿ ಅಂತ ಕೇಳಿದ್ರಿ. ದಿನಕ್ಕೆ ಎರಡು ಗಳಿಗೆ ತಡ ಅನ್ನೋ ಲೆಕ್ಕ ಹಿಡಿದು ಹಿಂದಕ್ಕೆ ಹೋದ್ರೆ ಆ ದಿನಗಳಲ್ಲಿ ಎಷ್ಟೆಷ್ಟು ಗಂಟು ಇರಬೇಕಿತ್ತು ಅಂತ ಪಟ್ಟಿ ಹಾಕಿದ್ದೆ. ಅಳತೆ ತಪ್ಪಾಗಿದೆ, ಕಾರಣ ಗೊತ್ತಿಲ್ಲ ಅಂತಾನೂ ಬರೆದಿದ್ದೆ. ಕಾರಣ ಈಗ ಗೊತ್ತಾಯ್ತು."

ಶೇಷಗಿರಿ ತಲೆ ತಗ್ಗಿಸಿದರು. ನನಗೆ ಎಲ್ಲವೂ ಒಮ್ಮೆಗೇ ತಿಳಿಯಿತು. ವಸ್ತುವಿನ ಭಾಗ ಎಂಬುದೆಲ್ಲ ನೆಪ. ಆರು ಪ್ರಶ್ನೆಗೆ ಸರಿಯಾಗಿ ಬರೆದಿದ್ದಕ್ಕೆ ಮೊದಲನೆಯವಳಾದಳು, ಏಳನೆಯದಕ್ಕೂ ಸರಿಯಾಗಿ ಬರೆದಿದ್ದಕ್ಕೆ ಹೊರಗಾದಳು.

"ನೋಡಿ ಅಮ್ಮಾ," ಅವರು ದನಿ ತಗ್ಗಿಸಿದರು, "ನಾನು ಅಪ್ಪಣೆ ತಗೊಂಡೇ ಬಂದಿದೀನಿ. ಈ ಕಾಗದಕ್ಕೆ ನೀವು ಸಹಿ ಮಾಡಿ. ಆ ಹನ್ನೊಂದು ದಿನ ಹಗ್ಗ ಇಳಿಸಿ ಅಳೆದಿದ್ದು ನಿಜ ಅಂತ, ಅಷ್ಟೇ. ನಿಯಮ ಸಡಿಲಿಸಿ ಹುಡುಗೀನ ತಗೋತೀವಿ. ಇವತ್ತು ಸಂಜೆ ರೈಲಿಗೇ ನನ್ನ ಜೊತೆ ಹೊರಡಬಹುದು. ಒಳ್ಳೆ ಹಾಸ್ಟೆಲ್ಲಿದೆ, ಊಟಕ್ಕೆ ಕೊರತೆ ಇಲ್ಲ. ಯೋಚನೆ ಮಾಡಿ. ಇವಳ ಭವಿಷ್ಯ ಇದು. ಎಂದೋ ಆಗಿಹೋದ ಹನ್ನೊಂದು ದಿನ ಯಾರಿಗೆ ಬೇಕು?"

ಅವಳಪ್ಪ ಹೊಲಿಗೆ ಯಂತ್ರದ ಹತ್ತಿರ ಕೂತಿದ್ದವರು ಕಾಲು ನಿಲ್ಲಿಸಿದರು. "ಹಾಕಿಬಿಡೇ ಸಹಿ," ಎಂದರು ಮೆಲ್ಲಗೆ. "ಮಗು ಆಸೆ ಪಟ್ಟಿದೆ." ಅವರು ಹೊಲಿದ ಉಣ್ಣೆಯ ರವಿಕೆಗಳು ಟ್ರಂಕಿನೊಳಗೇ ಇದ್ದವು.

ಸುಳ್ಳು ಹೇಳುವುದಿಲ್ಲ, ನಾನು ಪೆನ್ನು ಕೈಗೆ ತೆಗೆದುಕೊಂಡೆ. ಮುಚ್ಚಳವನ್ನೂ ತೆಗೆದೆ. ಹೆತ್ತವಳಿಗೆ ಮಗಳಿಗಿಂತ ಹೆಚ್ಚಿನ ಸಮುದ್ರ ಯಾವುದಿದೆ? ಆದರೆ ಆ ಕಾಗದದ ಮೇಲಿನ ತಾರೀಖನ್ನು ನೋಡಿದಾಗ ಕೈ ಮುಂದೆ ಹೋಗಲಿಲ್ಲ. "ಮಧ್ಯಾಹ್ನದ ಅಳತೆ ಆಗಲಿ, ಆಮೇಲೆ ಹೇಳ್ತೀನಿ," ಎಂದೆ.

ಹಿತ್ತಲಿಗೆ ಹೋಗುವಷ್ಟರಲ್ಲಿ ಗೌರವ್ವ, ಜೈತುನ್ ಬೀ ಇಬ್ಬರೂ ಬಾವಿಕಟ್ಟೆಯ ಮೇಲಿದ್ದರು. ನಮ್ಮ ಬೀದಿಯಲ್ಲಿ ಜಟಕಾ ನಿಂತರೆ ಸುದ್ದಿಗೆ ಕಾಲು ಬೇಕಿಲ್ಲ. ನಾನು ನಡೆದದ್ದನ್ನೆಲ್ಲ ಹೇಳಿದೆ. ಗೌರವ್ವ ಬಾಯಿಗೆ ಸೆರಗು ಒತ್ತಿಕೊಂಡು ನಗತೊಡಗಿದಳು. ನಗುತ್ತ ನಗುತ್ತ ಅವಳ ಮುಖ ಕಪ್ಪಿಟ್ಟಿತು.

"ಅಲ್ಲ ಕಣೆ, ನಮ್ಮ ಮಾವ ಸತ್ತಾಗ ಹನ್ನೊಂದು ದಿನ ನಾನೂ ಮೂರು ಪಾವು, ಮೂರು ಪಾವು ಅಂತ ಬರೆದು ಕಳಿಸಿದ್ದೆ. ನಮ್ಮ ಪಾವೂ ದೇವರ ಮುಂದೇನೇ ಇರೋದು. ಆಮೇಲೆ ಆ ಹಿಮದವರು ಒಂದು ಪುಸ್ತಕ ಕಳಿಸಿದ್ರು. ಹಿಮದ ಮೌನ ಅಂತ ಅದರ ಹೆಸರು. ನಾನು ಅದರ ಮೇಲೆ ಉಪ್ಪಿನಕಾಯಿ ಭರಣಿ ಇಟ್ಟಿದೀನಿ."

"ಹನ್ನೊಂದಾ? ನಮ್ಮದು ಮೂರೇ ದಿನ," ಎಂದಳು ಜೈತುನ್ ಬೀ. "ಅತ್ತೆ ತೀರ್ಕೊಂಡಾಗ ಮನೆ ತುಂಬಾ ಜನ. ಗವಾಕ್ಷಿ ಕೆಳಗೇ ಎಲ್ಲಾ ಕೂತವ್ರೆ, ದಾರ ಹಿಡಿಯೋಕೆ ಎಲ್ಲಿ ಜಾಗ? ಹಳೇದೇ ಬರೆದು ಹಾಕ್ದೆ. ಅಲ್ಲಾ! ನನ್ನ ಮೊಮ್ಮಗನ ಎಂಟನೇ ಕ್ಲಾಸ್ ಪುಸ್ತಕದಲ್ಲಿ ಐತೆ ಕಣವ್ವಾ, ನಕ್ಷತ್ರದ ಮೂರು ದಿನದ ವಿಶ್ರಾಂತಿ. ಅವನು ಅದನ್ನ ಬಾಯಿಪಾಠ ಮಾಡಿಲ್ಲಾಂತ ಮೇಷ್ಟ್ರ ಹತ್ರ ಏಟು ತಿಂದ್ಕೊಂಡು ಬಂದವ್ನೆ. ನಾನೂ ಇನ್ನೊಂದು ಕೊಟ್ಟೆ, ಓದಲ್ವಾ ಅಂತ!"

ಖಂಡದ ನಾಲ್ಕು ದಿಕ್ಕಿನ ದೊಡ್ಡ ಕಟ್ಟಡಗಳಲ್ಲಿ, ಎತ್ತರದ ಕಿಟಕಿಗಳ ಹಿಂದೆ, ನಮ್ಮ ಹೆರಿಗೆಗಳನ್ನೂ ನಮ್ಮ ಸಾವುಗಳನ್ನೂ ಗಾಜಿನ ಬೀರುವಿನಲ್ಲಿಟ್ಟು ಅದಕ್ಕೆ ಮೌನ, ವಿಶ್ರಾಂತಿ, ನಿಶ್ಚಲತೆ ಎಂದು ಹೆಸರಿಟ್ಟಿದ್ದರು. ಗೌರವ್ವನ ಮಾವ ಸತ್ತದ್ದು ಯಾರಿಗೂ ತಿಳಿಯಲಿಲ್ಲ. ನಾನು ಎರಡು ದಿನ ನೋವು ತಿಂದು ಹೆತ್ತದ್ದು ತಿಳಿಯಲಿಲ್ಲ. ಒಬ್ಬರಾದರೂ ಒಂದು ಸಲ ಬಂದು, "ಅಮ್ಮ, ಆ ದಿನ ಮನೇಲಿ ಏನಾಗಿತ್ತು?" ಎಂದು ಕೇಳಿದ್ದರೆ ಅವಲಕ್ಕಿ ಕೊಟ್ಟು ಹೇಳುತ್ತಿದ್ದೆವು. ಕತ್ತರಿ ಮಾತ್ರ ಕಳಿಸಿದರು.

ಮಂದಾರ ಹಗ್ಗ ತೆಗೆದುಕೊಂಡು ಬಂದಳು. ನಾನು ಅವಳ ಕೈ ಹಿಡಿದು ಕೇಳಿದೆ, "ನಿನಗೆ ಏನು ಬೇಕು ಪುಟ್ಟಿ? ನೀನು ಹ್ಞೂಂ ಅಂದ್ರೆ ಈಗಲೇ ಸಹಿ ಹಾಕ್ತೀನಿ."

ಅವಳು ಬಾವಿಯೊಳಗೆ ಬಗ್ಗಿ ನೋಡಿದಳು. "ಹೋಗಬೇಕು ಅಂತ ತುಂಬಾ ಆಸೆ ಇದೆ ಅಮ್ಮ," ಎಂದಳು. "ಸುಳ್ಳು ಯಾಕೆ ಹೇಳ್ಲಿ. ಆದ್ರೆ ಅಲ್ಲಿ ಮೊದಲನೇ ದಿನಾನೇ ಆ ನೀಲಿ ಪುಸ್ತಕ ಕೈಗೆ ಕೊಡ್ತಾರೆ. ನಾನು ಹುಟ್ಟಿದಾಗ ಸಮುದ್ರ ನಿಂತಿತ್ತು ಅಂತ ನಾನೇ ಎದ್ದು ನಿಂತು ಒಪ್ಪಿಸಬೇಕು. ಆಮೇಲೆ ನನ್ನ ಹತ್ರಾನೇ ಬೇರೆಯವರಿಗೆ ಪಾಠ ಹೇಳಿಸ್ತಾರೆ. ಅಜ್ಜಿ ಆ ದಿನ ಬಟ್ಟೆ ಒಗೆದಿದ್ದಾರಲ್ಲಮ್ಮ, ಭರತದಲ್ಲಿ."

ನನಗೆ ಅಷ್ಟು ಸಾಕಾಗಿತ್ತು. ಶೇಷಗಿರಿಯವರನ್ನು ಹಿತ್ತಲಿಗೆ ಕರೆದೆ. ಹಗ್ಗವನ್ನು ಅವರ ಕೈಗಿಟ್ಟೆ.

"ಸಹಿ ಬೇಕಲ್ಲ? ಮೊದಲು ನೀವೇ ಒಂದು ಸಲ ಅಳೀರಿ," ಎಂದೆ.

ಅವರು ಹಗ್ಗವನ್ನು ಹಾವು ಹಿಡಿದಂತೆ ಹಿಡಿದರು. ತಲೆ ಯಾವುದು, ತುದಿ ಯಾವುದು ತಿಳಿಯಲಿಲ್ಲ. ರಾಟೆಯ ಕಚ್ಚು ಕಾಣಲಿಲ್ಲ. ಇಳಿಬಿಟ್ಟರು, ಎಳೆದರು. ಎಳೆಯುವಾಗ ಹಗ್ಗ ಅವರ ಪಂಚೆಗೆಲ್ಲ ಸುತ್ತಿಕೊಂಡು ಒಣಗಿದ ಗಂಟುಗಳೂ ಒದ್ದೆಯಾದವು. "ಇದರಲ್ಲಿ ಎಷ್ಟು ಅಂತ..." ಎಂದು ಮಂದಾರಳ ಮುಖ ನೋಡಿದರು. ಹದಿನೆಂಟು ವರ್ಷ ಸಮುದ್ರ ಸಂಸ್ಥೆಯಲ್ಲಿದ್ದವರು, ಭರತವನ್ನು ಅದೇ ಮೊದಲು ಕೈಯಲ್ಲಿ ಹಿಡಿದದ್ದು.

"ಗಂಟು ಬಿಚ್ಚಿಹೋಗೋ ಹಾಗೆ ಎಳೀಬೇಡಿ ಸಾಯೇಬ್ರೇ," ಎಂದಳು ಜೈತುನ್ ಬೀ, "ಆಮೇಲೆ ಅದಕ್ಕೂ ಒಂದು ಪುಸ್ತಕ ಬರೀಬೇಕಾಯ್ತದೆ."

ಮಂದಾರ ಅವರ ಕೈಯಿಂದ ಹಗ್ಗ ತೆಗೆದುಕೊಂಡು, ಒರೆಸಿ, ಇಳಿಬಿಟ್ಟು, ಎತ್ತಿದಳು. "ಹದಿಮೂರು," ಎಂದಳು. ಅವರು ಅದನ್ನು ಬರೆದುಕೊಳ್ಳಲು ಜೇಬಿಗೆ ಕೈ ಹಾಕಿ, ಬರಿಗೈಯನ್ನೇ ಹೊರತೆಗೆದರು.

ನಾನು ಕಾಗದ ತಿರುಗಿಸಿ, ಹಿಂಬದಿಯಲ್ಲಿ ಬರೆದು ಕೊಟ್ಟೆ. ಆ ಹನ್ನೊಂದು ದಿನ ಈ ಮನೆಯಲ್ಲಿ ಹೆಣ್ಣು ಮಗು ಹುಟ್ಟಿತ್ತು, ಹಗ್ಗ ಮುಟ್ಟಲಿಲ್ಲ, ನೀರು ಎಂದಿನಂತೆ ಏರಿಳಿಯಿತು. ಅದರ ಕೆಳಗೆ ಸಹಿ ಹಾಕಿದೆ. ಗೌರವ್ವ ತನ್ನ ಮಾವನ ಹೆಸರು ಬರೆದು, ಅವರು ಸತ್ತಾಗ ತಾನೂ ಹಿಮ ಅಳೆಯಲಿಲ್ಲ ಎಂದು ಸಹಿ ಹಾಕಿದಳು. ಶೇಷಗಿರಿ ಅದನ್ನು ಮಡಚಿ ಪುಸ್ತಕದೊಳಗೆ ಇಟ್ಟುಕೊಂಡರು. ಹೊರಡುವಾಗ, "ನಿಮ್ಮ ಮಗಳ ಉತ್ತರ ನಾನೇ ಮೌಲ್ಯಮಾಪನ ಮಾಡಿದ್ದು," ಎಂದರು. "ಪೂರ್ತಿ ಅಂಕ ಕೊಟ್ಟಿದ್ದೆ. ಮೇಲಿನವರು..." ಅಷ್ಟರಲ್ಲಿ ಜಟಕಾದವನು ಕುದುರೆ ಹೊರಡಿಸಿದ. ಮೇಲಿನವರು ಏನು ಎಂದು ಕೇಳುವ ಮನಸ್ಸೂ ನನಗಿರಲಿಲ್ಲ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವರ ಮೇಲೆ ನನಗೆ ಮೇಲಿನವರಿಗಿಂತ ಹೆಚ್ಚು ಸಿಟ್ಟು ಬರುತ್ತದೆ.

ಪ್ರಶಸ್ತಿ ನಿರ್ದೇಶಕರಿಗೇ ಬಂತು. ಮೇಷ್ಟ್ರು ಪತ್ರಿಕೆ ತಂದು ತೋರಿಸಿದರು, ಚಿತ್ರದಲ್ಲಿ ನಿರ್ದೇಶಕರು ಹಾರ ಹಾಕಿಕೊಂಡಿದ್ದರು. ನಾವು ಬರೆದು ಕೊಟ್ಟದ್ದು ಬಹುಶಃ ಯಾವುದೋ ಒಲೆಯಲ್ಲಿ ಹೋಯಿತು. ಚಂದ್ರ ಸಂಸ್ಥೆಗೂ ಗಾಳಿಯಲ್ಲಿ ಸುದ್ದಿ ಮುಟ್ಟಿತೋ ಏನೋ, ಅವರಿಂದ ಒಂದು ಕಾಗದ ಬಂತು. ನಲವತ್ತು ವರ್ಷದ ಅಳತೆಯ ಪ್ರತಿಗಳನ್ನು ಕೂಡಲೇ ಕಳಿಸಿಕೊಡಬೇಕಂತೆ. ಹುಡುಗಿಯ ಬಗ್ಗೆ ಒಂದು ಮಾತಿಲ್ಲ. "ಇಲ್ಲೇ ಇದೆ, ಬಂದು ನೋಡಿ, ಹಗ್ಗ ಹಿಡಿಯೋದು ನಾನು ಕಲಿಸಿಕೊಡ್ತೀನಿ," ಎಂದು ಮಂದಾರ ಉತ್ತರ ಬರೆದಳು. ಇನ್ನೂ ಯಾರೂ ಬಂದಿಲ್ಲ. ಟ್ರಂಕಿನಲ್ಲಿ ಈಗ ಅವಳು ಅಳತೆಯ ಪುಸ್ತಕಗಳನ್ನು ಇಡುತ್ತಾಳೆ, ನಮ್ಮದಲ್ಲದೆ ಹಿಮದ್ದು, ನಕ್ಷತ್ರದ್ದು, ಕುಂಬಾರರ ನೆಲದ್ದು. ಖಂಡದಲ್ಲಿ ಬೇರೆಲ್ಲೂ ಅವು ನಾಲ್ಕೂ ಒಂದು ಕಡೆ ಇಲ್ಲ. ಉಣ್ಣೆಯ ರವಿಕೆಗಳನ್ನು ಗೌರವ್ವನ ತಾರಸಿಗೆ ಹೋಗುವಾಗ ಹಾಕಿಕೊಳ್ಳುತ್ತಾಳೆ.

ಜಟಕಾ ಹೋದ ಮರುದಿನವೇ ಅತ್ತೆ ನನ್ನನ್ನು ಕರೆದು ಸುತ್ತಿಗೆ ಕೇಳಿದರು. ನಾನು ಹೊಡೆಯುತ್ತೇನೆ ಎಂದರೆ ಕೇಳಲಿಲ್ಲ. ದೇವರ ಗೂಡಿನ ಪಕ್ಕದ ಮೊಳೆಯಿಂದ ಹಗ್ಗ ತೆಗೆದು, ಹಿತ್ತಲಿಗೆ ಹೋಗಿ, ರಾಟೆಯ ಕಂಬಕ್ಕೆ ಹೊಸ ಮೊಳೆ ಹೊಡೆದು ಅಲ್ಲಿಗೆ ನೇತುಹಾಕಿದರು. "ತಪ್ಪು ನಂದು," ಎಂದರು. "ಗೊತ್ತಿಲ್ಲ ಅಂತ ಬರೀಬೇಕಿತ್ತು. ಹೋಗ್ಲಿ, ಇನ್ಮೇಲೆ ಯಾರು ಹುಟ್ಟಲಿ ಯಾರು ಸಾಯಲಿ, ಇದು ಹೊರಗೇ ಇರುತ್ತೆ. ಮುಟ್ಟಬಹುದು." ಎಪ್ಪತ್ತೆಂಟು ವರ್ಷದ ಹೆಂಗಸು ಒಂದು ಬೆಳಗಿನಲ್ಲಿ ತಿದ್ದಿಕೊಂಡದ್ದನ್ನು ಅಷ್ಟು ದೊಡ್ಡ ಕಟ್ಟಡ ಹದಿನೇಳು ವರ್ಷದಲ್ಲಿ ತಿದ್ದಿಕೊಳ್ಳಲಿಲ್ಲ. ಇದನ್ನು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಕಾರ್ಡು ಬರೆಯುವ ರೀತಿಯನ್ನೂ ಮಂದಾರ ಬದಲಿಸಿದಳು, ಈಗ ಬೀದಿಯವರೆಲ್ಲ ಹಾಗೇ ಬರೆಯುತ್ತಾರೆ. ಮೇಲೆ ಅಂಕಿ ಬರೆಯುವುದಿಲ್ಲ. ಇಡೀ ಕಾರ್ಡಿಗೆ ಒಂದೇ ವಾಕ್ಯ, ಅಂಕಿ ಅಕ್ಷರದಲ್ಲಿ, ವಾಕ್ಯದ ನಡುವೆ. ಅಳತೆ ಬೇಕಿದ್ದರೆ ಪೂರ್ತಿ ಓದಬೇಕು. ಎಲ್ಲಿ ಕತ್ತರಿ ಹಾಕಿದರೂ ಅಳೆದವರ ಜೊತೆಗೆ ಅಳತೆಯೂ ಹೋಗುತ್ತದೆ.

ಮೊನ್ನೆ ಶ್ರಾವಣದಲ್ಲಿ ಅತ್ತೆ ತೀರಿಕೊಂಡರು. ಮನೆ ತುಂಬ ನೆಂಟರು, ಒಲೆಯ ಮುಂದೆ ನಾನು. ಎರಡನೆಯ ದಿನ ಬೆಳಿಗ್ಗೆ ಹಿತ್ತಲಿನಲ್ಲಿ ರಾಟೆಯ ಸದ್ದಾಯಿತು. ಮಂದಾರ ಒದ್ದೆ ಕೂದಲಲ್ಲಿ ಬಂದು, ಅಡುಗೆಮನೆಯ ನೆಲದ ಮೇಲೆ ಕೂತು ಕಾರ್ಡು ಬರೆದು, ಅಂಚೆಗೆ ಹಾಕು ಎಂದು ನನ್ನ ಕೈಗಿಟ್ಟಳು. ಅದರಲ್ಲಿ ಹೀಗಿತ್ತು: "ನಮ್ಮಜ್ಜಿ ಪುಟ್ಟನಂಜಮ್ಮ ತೀರಿಕೊಂಡ ಎರಡನೆಯ ದಿನ, ಸೂತಕದ ಮನೆಯಲ್ಲಿ, ಅವರೇ ಹೊಡೆದ ಮೊಳೆಯಿಂದ ಹಗ್ಗ ತೆಗೆದು ಮೊಮ್ಮಗಳು ಮಂದಾರ ಇಳಿಬಿಟ್ಟಾಗ ಬಾವಿಯ ನೀರು ಒಂಬತ್ತು ಗಂಟು ಮುಟ್ಟಿತ್ತು, ಆದರೆ ನಿಂತಿರಲಿಲ್ಲ, ಏರುತ್ತಿತ್ತು."